ಕಥೆ ಗೊತ್ತಿದ್ದವರ ಬಾಯಲ್ಲಿ ಅಡಿಕೆ

ಶುಕ್ರವಾರ ಸಂಜೆಯಾಯಿತೆಂದರೆ ಅರ್ಧ ಶಿವಮೊಗ್ಗ ನನ್ನ ಮೆಸೇಜಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತದೆ. ಅರ್ಧ ಶಿವಮೊಗ್ಗ ಎಂದರೆ ನಮ್ಮ ಪಿಯುಸಿ ಸೆಕ್ಷನ್ನಿನ ವಾಟ್ಸಾಪ್ ಗುಂಪು, ಟ್ಯೂಷನ್ನಿನ ಕೆಲವು ಹುಡುಗಿಯರು, ಮತ್ತೆ ಗಾಂಧಿ ಬಜಾರಿನಲ್ಲಿ ನಮ್ಮಪ್ಪನ ಬಟ್ಟೆ ಅಂಗಡಿಯ ಪಕ್ಕದ ಸ್ಟೇಷನರಿ ಅಂಗಡಿಯವರು. ಶನಿವಾರ, ಭಾನುವಾರ ಯಾವ ಸಿನಿಮಾ ನೋಡಬೇಕೆಂದು ಇವರಿಗೆಲ್ಲ ನಾನೇ ಹೇಳಬೇಕು. ಪ್ರೀತಿ, ಮದುವೆ, ಅತ್ತೆ-ಸೊಸೆ ಕಣ್ಣೀರು ನನ್ನ ಇಲಾಖೆಗೆ ಬರುವುದಿಲ್ಲ. ನನ್ನದು ಥ್ರಿಲ್ಲರ್ ಮತ್ತು ಸೈನ್ಸ್ ಫಿಕ್ಷನ್. ಕೊನೆಯ ಹತ್ತು ನಿಮಿಷದಲ್ಲಿ ಕೂತಿರುವ ಕುರ್ಚಿಯ ಕೆಳಗಿನ ನೆಲ ಜಾರಬೇಕು. ಜಾರದಿದ್ದರೆ ಅದು ಸಿನಿಮಾವಲ್ಲ, ಧಾರಾವಾಹಿ.

ಹೆಸರು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ, ಬರೀ ಲಿಂಕ್ ಕಳಿಸುತ್ತೇನೆ. ಹೆಸರು ಹೇಳಿದರೆ ನಮ್ಮ ಕ್ಲಾಸಿನ ಪಾಪಿಗಳು ಮೊದಲು ಕಥೆ ಹುಡುಕಿ ಓದಿ, ಆಮೇಲೆ ‘ನಂಗೆ ಮೊದಲೇ ಗೊತ್ತಾಗಿತ್ತು’ ಎನ್ನುತ್ತಾರೆ. ಹಾಗಾಗಿ ಇಲ್ಲೂ ಹೆಸರು ಹೇಳುವುದಿಲ್ಲ. ಲಿಫ್ಟ್ ರಿಪೇರಿಯವನೊಬ್ಬ ಒಂಬತ್ತು ಮಹಡಿಯ ಕಟ್ಟಡದಲ್ಲಿ ಹತ್ತನೆಯ ಮಹಡಿಗೆ ಹೋಗಿ ಬರುವ ಒಂದು ಚಿತ್ರವಿದೆ. ಹೋದವನು ಒಬ್ಬ, ಬಂದವನು ಇನ್ನೊಬ್ಬ. ಅದನ್ನು ನೋಡಿದ ಮೇಲೆ ಸ್ಟೇಷನರಿ ಅಂಗಡಿಯವರು ಲಿಫ್ಟ್ ಹತ್ತುವುದನ್ನೇ ಬಿಟ್ಟರು. ಅವರ ಅಂಗಡಿ ಇರುವುದು ನೆಲಮಹಡಿಯಲ್ಲಿ, ಮನೆಯೂ ಕೋಟೆ ಹತ್ತಿರದ ಹೆಂಚಿನ ಮನೆ. ಆದರೂ ಬಿಟ್ಟರು.

ಒಳ್ಳೆಯ ತಿರುವಿನ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಕೊಲೆಗಾರ ಕೊನೆಯಲ್ಲಿ ಎಲ್ಲಿಂದಲೋ ಬಂದು ಬಿದ್ದರೆ ಅದು ಮೋಸ. ಅವನು ಮೊದಲ ದೃಶ್ಯದಿಂದ ನಮ್ಮೆದುರೇ ಕೂತು ಕಾಫಿ ಕುಡಿಯುತ್ತಿರಬೇಕು, ನಾವು ಅವನಿಗೆ ಸಕ್ಕರೆ ಸಾಕಾ ಎಂದು ಕೇಳಿಯೂ ಇರಬೇಕು. ಇದನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಕ್ಲಾಸಿನಲ್ಲಿ ನಾನು ಬಾಯಿ ತೆರೆದರೆ ಹಿಂದಿನ ಬೆಂಚಿನವರು ‘ಸಕ್ಕರೆ ಸಾಕಾ’ ಎಂದು ಕೂಗುತ್ತಾರೆ.

ಪರೀಕ್ಷೆ ಮಾಡದೆ ನಾನು ಯಾವ ಸಿನಿಮಾವನ್ನೂ ಶಿಫಾರಸು ಮಾಡುತ್ತಿರಲಿಲ್ಲ. ನನ್ನ ಪ್ರಯೋಗಶಾಲೆ ಇದ್ದದ್ದು ಭದ್ರಾವತಿಯಲ್ಲಿ, ನನ್ನಮ್ಮನ ತಮ್ಮನ ಮನೆಯಲ್ಲಿ. ಶನಿವಾರ ಕ್ಲಾಸು ಮುಗಿಸಿ ಬಸ್ಸು ಹತ್ತುತ್ತಿದ್ದೆ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಮಾವ ತನ್ನ ಸ್ಕೂಲ್ ವ್ಯಾನಿನೊಂದಿಗೆ ನಿಂತಿರುತ್ತಿದ್ದ. ಹಿಂದೆ ಅವನು ಫ್ಯಾಕ್ಟರಿಗೆ ಗುತ್ತಿಗೆಯ ಮೇಲೆ ಜೀಪು ಓಡಿಸುತ್ತಿದ್ದ. ಆ ಕೆಲಸ ನಿಂತ ಮೇಲೆ ಸೆಕೆಂಡ್ ಹ್ಯಾಂಡ್ ವ್ಯಾನೊಂದನ್ನು ತಗೊಂಡು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ. ಮನೆ ಫ್ಯಾಕ್ಟರಿಯ ಹಳೆಯ ಕ್ವಾರ್ಟರ್ಸಿನಲ್ಲಿ. ಆ ಸಾಲಿನ ಅರ್ಧ ಮನೆಗಳು ಖಾಲಿ, ಬಾಗಿಲುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ, ಒಂದರ ಅಡುಗೆಮನೆಯ ಗೋಡೆಯಿಂದ ಅರಳಿ ಗಿಡ ಕೈ ಹೊರಗೆ ಚಾಚಿ ಮಳೆ ಬಂತಾ ಎಂದು ನೋಡುವ ಹಾಗೆ ನಿಂತಿದೆ. ದೆವ್ವದ ಸಿನಿಮಾ ತೆಗೆಯುವವರಿಗೆ ಸೆಟ್ ಹಾಕುವ ಖರ್ಚಿಲ್ಲ. ದೆವ್ವಗಳೂ ಬೇಸರವಾಗಿ ಶಿವಮೊಗ್ಗಕ್ಕೆ ಮನೆ ಬದಲಾಯಿಸಿವೆ ಎಂದು ನಾನು ಗುಂಪಿನಲ್ಲಿ ಬರೆದಿದ್ದೆ.

ಮಾವನನ್ನು ಸೋಲಿಸುವ ಸಿನಿಮಾ ಸಿಕ್ಕರೆ ಅದೇ ನನ್ನ ವಾರದ ಶಿಫಾರಸು. ಆದರೆ ಮಾವ ಸೋಲುತ್ತಿರಲಿಲ್ಲ. ಮಂಡಕ್ಕಿ ಮೆಲ್ಲುತ್ತ, ಇನ್ನೂ ಅರ್ಧ ಸಿನಿಮಾ ಇರುವಾಗಲೇ, “ಆ ನರ್ಸು ವಾಚು ಬಲಗೈಗೆ ಕಟ್ಟಿದಾಳೆ ನೋಡು. ಮೊದಲು ಎಡಗೈಲಿತ್ತು. ನರ್ಸು ಇಬ್ರಿದಾರೆ ಮಾರಾಯ್ತಿ” ಎನ್ನುತ್ತಿದ್ದ. ಇಬ್ಬರೇ ಇರುತ್ತಿದ್ದರು. ನಾನು ನಾಲ್ಕು ಸಲ ನೋಡಿದ ಮೇಲೂ ಕಾಣದ ವಾಚು ಅವನಿಗೆ ಒಂದೇ ಸಲಕ್ಕೆ ಕಾಣುತ್ತಿತ್ತು.

ನನ್ನ ಕಷ್ಟ ಬೇರೆ. ಕಥೆ ಗೊತ್ತಿದ್ದರೆ ನನಗೆ ಹೇಳದೆ ಇರಲಾಗುವುದಿಲ್ಲ. ಒಂದು ಸಲ ಪೊಲೀಸ್ ಪಾತ್ರ ಪರದೆಗೆ ಬಂದ ಕೂಡಲೇ ನಾನು ಕೆಮ್ಮಿದೆ, ಅಷ್ಟಕ್ಕೇ ಅತ್ತೆಗೆ ಕೊಲೆಗಾರ ಯಾರೆಂದು ಗೊತ್ತಾಯಿತು. ಅತ್ತೆ ಟಿವಿ ಆರಿಸಿ ಎದ್ದು ಹೋದರು. ಅವತ್ತು ನಾನೇ ಆ ಮನೆಗೆ ಒಂದು ಕಾನೂನು ತಂದೆ: ಕಥೆ ಗೊತ್ತಿದ್ದವರು ಒಂದು ಇಡೀ ಅಡಿಕೆಯನ್ನು ದವಡೆಯಲ್ಲಿ ಇಟ್ಟುಕೊಂಡು ಕೂರಬೇಕು. ಕಚ್ಚುವಂತಿಲ್ಲ, ಉಗಿಯುವಂತಿಲ್ಲ, ಸಿನಿಮಾ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಮಾವ ನೆಂಟರ ತೋಟದಿಂದ ಬಂದ ಕಲ್ಲಿನಂಥ ಅಡಿಕೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಟಿವಿಯ ಮೇಲಿನ ಶೆಲ್ಫಿನಲ್ಲಿಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಗಾದೆ. ನನ್ನ ಮಾನ ವಾರಕ್ಕೊಂದು ಅಡಿಕೆಯಿಂದ ಉಳಿಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಮಾವ ಸೋಲತೊಡಗಿದ.

ಮೊದಲ ಸಲ ಸೋತಾಗ ನಾನು ಮನೆಯೊಳಗೇ ಮೆರವಣಿಗೆ ಹೊರಟೆ. ಎರಡನೇ ಸಲ ಗುಂಪಿಗೆ ಮೆಸೇಜು ಹಾಕಿದೆ. ಆಮೇಲೆ ಅಭ್ಯಾಸವಾಯಿತು. ಸಣ್ಣ ಮಕ್ಕಳೂ ಹೇಳಬಹುದಾದ ತಿರುವುಗಳಿಗೂ ಅವನು, “ಓಹೋ, ಹಿಂಗಾ” ಎನ್ನುತ್ತಿದ್ದ. ನಾನು ಶಿಫಾರಸಿನಲ್ಲಿ ಪಳಗಿದ್ದೇನೆ, ಅದಕ್ಕೇ ಹೀಗೆ ಎಂದುಕೊಂಡೆ. ಅವನ ಕುರ್ಚಿಯೂ ವಾರವಾರಕ್ಕೆ ಹಿಂದೆ ಸರಿಯತೊಡಗಿತ್ತು. ಮೊದಲು ಟಿವಿಗೆ ಮೂಗು ತಾಗಿಸಿ ಕೂರುತ್ತಿದ್ದವನು ಗೋಡೆಗೆ ಹೋದ, ಗೋಡೆಯಿಂದ ಅಡುಗೆಮನೆಯ ಬಾಗಿಲಿಗೆ ಹೋದ. ಹೀಗೇ ಹೋದರೆ ಮುಂದಿನ ವಾರ ಹೊಳೆಹೊನ್ನೂರಿನಲ್ಲಿ ಕೂತು ನೋಡುತ್ತೀಯ ಎಂದೆ. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಪಕ್ಕದಲ್ಲಿಟ್ಟ ಕಾಫಿ ಲೋಟಕ್ಕೆ ಕೈ ತಾಗಿಸಿ ಉರುಳಿಸುತ್ತಿದ್ದ. ಯಾರಾದರೂ ಕರೆದರೆ ಕೋಳಿಯ ಹಾಗೆ ಇಡೀ ಕತ್ತು ತಿರುಗಿಸುತ್ತಿದ್ದ. ನಾನು ಆ ಕೋಳಿಯ ನಟನೆ ಮಾಡಿ ತೋರಿಸಿ ಅತ್ತೆಯನ್ನು ಕಣ್ಣಲ್ಲಿ ನೀರು ಬರುವಷ್ಟು ನಗಿಸಿದೆ. ಅದೇ ಮನುಷ್ಯ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ, ಪೇಪರಿನ ಸಣ್ಣ ಅಕ್ಷರವನ್ನು ಕನ್ನಡಕವಿಲ್ಲದೆ ಓದುತ್ತಿದ್ದ. ಯಾರಿಗೆ ತಾನೆ ಅನುಮಾನ ಬರುತ್ತದೆ?

ವ್ಯಾನಿನಲ್ಲಿ ಇನ್ನೊಂದು ಆಟ ಶುರುವಾಗಿತ್ತು. ಮಾವನ ಮಗಳು ಪುಟ್ಟಿ ಎರಡನೇ ಕ್ಲಾಸು, ಮುಂದಿನ ಸೀಟು ಅವಳದೇ. ರಸ್ತೆಯಲ್ಲಿ ಹಂಪ್, ದನ, ಸೈಕಲ್, ಏನು ಕಂಡರೂ ಅಪ್ಪನಿಗಿಂತ ಮೊದಲು ಕೂಗಿದರೆ ಅವಳಿಗೆ ಚಾಕ್ಲೇಟು. “ಅಪ್ಪಾ, ಎಡಗಡೆ ನಾಯಿ” ಎನ್ನುತ್ತ ಅವಳು ದಾರಿಯುದ್ದಕ್ಕೂ ಗೆಲ್ಲುತ್ತಲೇ ಇರುತ್ತಿದ್ದಳು. ಇವಳ ಹಲ್ಲು ಹುಳುಕಾದರೆ ಅದಕ್ಕೆ ಭದ್ರಾವತಿ ನಗರಸಭೆಯ ಹಂಪುಗಳೇ ಕಾರಣ ಎಂದು ನಾನು ತಮಾಷೆ ಮಾಡಿದೆ. ಕೊಲೆಗಾರ ಎದುರಿಗೇ ಕೂತಿದ್ದ. ನಾನು ಸಕ್ಕರೆ ಸಾಕಾ ಎಂದು ಕೇಳುತ್ತಿದ್ದೆ.

ಜನವರಿಯ ಒಂದು ಶನಿವಾರ ನೆರಳಿನ ಸಿನಿಮಾ ಹಾಕಿದೆವು. ಇದನ್ನು ನೀವೂ ನೋಡಬೇಕು. ಒಂದು ಊರಿನಲ್ಲಿ ಎಲ್ಲರ ನೆರಳುಗಳೂ ಒಂದು ದಿನ ಮುಂದೆ ಓಡುತ್ತಿರುತ್ತವೆ. ಇವತ್ತು ನೆರಳು ಏನು ಮಾಡುತ್ತದೋ ನಾಳೆ ಮನುಷ್ಯ ಅದನ್ನೇ ಮಾಡುತ್ತಾನೆ. ಹೀರೋ ಅಡುಗೆ ಮಾಡುತ್ತ ಹಾಡಿಕೊಳ್ಳುವಾಗ, ಪರದೆಯ ಎಡತುದಿಯ ಗೋಡೆಯ ಮೇಲೆ ಅವನ ನೆರಳು ಮೆಲ್ಲಗೆ ನೆಲಕ್ಕೆ ಮಲಗುತ್ತದೆ, ಮತ್ತೆ ಏಳುವುದಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಪುಟ್ಟಿ ನನ್ನ ತೊಡೆ ಏರಿದಳು. ಮಾವ ಮಾತ್ರ ಒಗ್ಗರಣೆ ನೋಡಿ, ಇವನಿಗೆ ಸಾಸಿವೆ ಸಿಡಿಸಲೂ ಬರುವುದಿಲ್ಲ ಎಂದು ನಗುತ್ತಿದ್ದ.

ಪುಟ್ಟಿ, “ಅಪ್ಪಾ, ನೆರಳು ಸತ್ತೋಯ್ತು” ಎಂದಳು.

ಮಾವ ಕತ್ತು ಎಡಕ್ಕೆ ತಿರುಗಿಸಿದ. ಅಷ್ಟರಲ್ಲಿ ದೃಶ್ಯ ಬದಲಾಗಿತ್ತು. “ಹೂಂ, ನೋಡಿದೆ ನೋಡಿದೆ” ಎಂದ. ನನ್ನ ದವಡೆಯಲ್ಲಿ ಅಡಿಕೆ ಇತ್ತು, ಮಾತಾಡುವಂತಿರಲಿಲ್ಲ. ಆದರೆ ಮೊದಲ ಬಾರಿಗೆ ನನಗೆ ಸಿನಿಮಾ ನೋಡುವುದು ಬಿಟ್ಟು ಮಾವನನ್ನು ನೋಡಬೇಕೆನಿಸಿತು.

ಮುಂದಿನ ಶನಿವಾರ ಪುಟ್ಟಿಗೆ ನೆಗಡಿ. ಅವಳು ಮನೆಯಲ್ಲೇ ಉಳಿದಿದ್ದಳು, ಬಸ್‌ಸ್ಟ್ಯಾಂಡಿನಿಂದ ಮುಂದಿನ ಸೀಟು ನನಗೆ ಸಿಕ್ಕಿತು. ಹೊತ್ತು ಮುಳುಗುತ್ತಿತ್ತು. ಭದ್ರೆಯ ಹಳೆ ಸೇತುವೆಯ ಮೇಲೆ ನಮ್ಮ ಮುಂದೆ ಎಡಗಡೆ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಕ್ಯಾರಿಯರಿನ ಮೇಲೆ ಮಂಡಕ್ಕಿ ಚೀಲ. ನಾನು ಎಲ್ಲವನ್ನೂ ದೊಡ್ಡದು ಮಾಡಿ ಹೇಳುತ್ತೇನೆಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಆದರೆ ಮಂಡಕ್ಕಿ ಚೀಲ ನೋಡಿದವರಿಗೆ ನಾನು ಎಳೆದು ಹೇಳಬೇಕಾಗಿಲ್ಲ. ಅದು ಆ ಮುದುಕನಿಗಿಂತ ಎತ್ತರವಿತ್ತು, ಬಿಳಿ ಇತ್ತು, ಸಂಜೆ ಬೆಳಕಿನಲ್ಲಿ ಹೊಳೆಯುತ್ತಿತ್ತು.

ನಾನು ಕೂಗಲಿಲ್ಲ. ಕಾಣುತ್ತಿದೆಯಲ್ಲ, ಯಾಕೆ ಕೂಗಬೇಕು? ಮಾವ ನನ್ನ ಹತ್ತಿರ ಹೊಸ ಸಿನಿಮಾ ಯಾವುದು ಎಂದು ಕೇಳುತ್ತ ಎದುರಿನ ಬಸ್ಸಿಗೆ ದಾರಿ ಬಿಡಲು ವ್ಯಾನನ್ನು ಎಡಕ್ಕೆ ತಂದ. ಮತ್ತೂ ಎಡಕ್ಕೆ ತಂದ. “ಮಾವ” ಎನ್ನುವಷ್ಟರಲ್ಲಿ ನನ್ನ ಪಕ್ಕದ ಕನ್ನಡಿ ತಾಗಿ ಚೀಲ ಹರಿಯಿತು. ಸೈಕಲ್ಲು ಕಟ್ಟೆಗೆ ಬಡಿಯಿತು, ಮುದುಕ ಕಟ್ಟೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ. ಅವನ ಆಚೆ ಏನೂ ಇರಲಿಲ್ಲ, ಕೆಳಗೆ ಭದ್ರೆ. ಮಂಡಕ್ಕಿ ಗಾಳಿಗೆ ಎದ್ದು ಸೇತುವೆಯುದ್ದಕ್ಕೂ ಹರಡಿತು, ಸ್ವಲ್ಪ ಹೊಳೆಗೂ ಬಿತ್ತು. ನೀರಿನ ಮೇಲೆ ಅದು ಮುಳುಗದೆ ಬಿಳಿ ಬಿಳಿಯಾಗಿ ಸಾಲುಹಿಡಿದು ಹೋಯಿತು.

ಮುದುಕನಿಗೆ ಮೊಣಕೈ ತರಚಿತ್ತು, ಅಷ್ಟೇ. ಅವನು ಕ್ವಾರ್ಟರ್ಸಿನ ಕಡೆಯ ತಮಿಳಿನಲ್ಲಿ ಕೇಳಿದ, “ಕಣ್ ತೆರಿಯಲಿಯಾ?” ಕಣ್ಣು ಕಾಣಲ್ವಾ ಎಂದು. ಭದ್ರಾವತಿಯಲ್ಲಿ ಡ್ರೈವರುಗಳು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವ ಬೈಗುಳ ಅದು. ತಿರುಗಿ ಬೈಯುವುದೇ ಪದ್ಧತಿ. ಮಾವ ಬೈಯಲಿಲ್ಲ.

“ಇಲ್ಲಣ್ಣ. ಕಾಣ್ಲಿಲ್ಲ” ಎಂದ.

ಮುದುಕನ ಗಾಯ ತೊಳೆದು, ಚೀಲದ ದುಡ್ಡು ಕೊಟ್ಟು ಕಳಿಸಿ, ಸೇತುವೆ ದಾಟಿ ಮಾವ ವ್ಯಾನು ನಿಲ್ಲಿಸಿದ. ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ಪುಟ್ಟ ಬಾಟಲಿ ತೆಗೆದು ಎರಡೂ ಕಣ್ಣಿಗೆ ಹನಿ ಬಿಟ್ಟುಕೊಂಡ. ಧೂಳಿಗೆ ಎಂದು ಅತ್ತೆಗೆ ಹೇಳಿದ್ದನಂತೆ. ದೀಪಾವಳಿಗೆ ಮುಂಚೆ ಒಂದು ಕಣ್ಣಿನ ಕ್ಯಾಂಪಿನಲ್ಲಿ ಡಾಕ್ಟರು ನೋಡಿ ಹೇಳಿದ್ದರು: ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಹನಿ ಬಿಟ್ಟರೆ ಉಳಿದದ್ದು ಉಳಿಯಬಹುದು, ಗಾಡಿ ಮಾತ್ರ ಮುಟ್ಟಬಾರದು. ನೇರ ಎದುರಿನದು ಸ್ಪಷ್ಟವಾಗಿ ಕಾಣುತ್ತದೆ. ಅಕ್ಕಪಕ್ಕದ್ದು ಇಲ್ಲ. ಪೈಪಿನೊಳಗಿಂದ ನೋಡಿದ ಹಾಗೆ ಎಂದ. ಟಿವಿಯಿಂದ ದೂರ ಹೋದಷ್ಟೂ ಪರದೆ ಪೈಪಿನೊಳಗೆ ಪೂರ್ತಿ ಹಿಡಿಸುತ್ತದೆ.

ನಾನು ಬಾಟಲಿಯ ಮುಚ್ಚಳ ಹಾಕಿ ಒಳಗಿಟ್ಟೆ.

“ಮಕ್ಕಳ ಪರೀಕ್ಷೆ ಮುಗಿಯೋವರೆಗೆ ಓಡಿಸ್ತೀನಿ” ಎಂದ. “ಆಮೇಲೆ ವ್ಯಾನ್ ಕೊಟ್ಬಿಡ್ತೀನಿ. ನಿಧಾನಕ್ಕೆ ಹೋಗ್ತೀನಿ, ಪುಟ್ಟಿ ಇರ್ತಾಳೆ ಪಕ್ಕದಲ್ಲಿ. ಈಗಲೇ ಬಿಟ್ರೆ ಮನೆ ಹೆಂಗೆ ನಡೀಬೇಕು ಹೇಳು.”

“ಅತ್ತೆಗೆ ಹೇಳು ಮಾವ.”

ಅವನು ಅಂಗಿಯ ಜೇಬಿನಿಂದ ಒಂದು ಅಡಿಕೆ ತೆಗೆದು ನನ್ನ ಅಂಗೈಯಲ್ಲಿಟ್ಟ. ಆ ಶನಿವಾರದ ಸಿನಿಮಾಕ್ಕೆಂದು ಡಬ್ಬಿಯಿಂದ ತಂದಿಟ್ಟುಕೊಂಡಿದ್ದ ಅಡಿಕೆ.

“ಕಥೆ ಗೊತ್ತಾದೋರು ಬಾಯಿ ಬಿಡಬಾರದು. ಕಾನೂನು ಮಾಡಿದ್ದು ನೀನೇ ಮಾರಾಯ್ತಿ.”

ಮನೆಗೆ ಬಂದಾಗ ಅತ್ತೆ ಚಾಪೆ ಹಾಸಿ, ಮೆಣಸಿನಕಾಯಿ ಕರಿದು ಕಾಯುತ್ತಿದ್ದರು. ಅವತ್ತಿನ ಚಿತ್ರ ಯಾವುದೋ ಬಾಹ್ಯಾಕಾಶದ್ದು. ಅದನ್ನು ನಾನು ಶಿಫಾರಸು ಮಾಡಲಾರೆ, ಏಕೆಂದರೆ ಅದರ ಒಂದು ದೃಶ್ಯವೂ ನನಗೆ ನೆನಪಿಲ್ಲ. ಒಂದು ನೌಕೆ ಕತ್ತಲಲ್ಲಿ ಹೋಗುತ್ತಿತ್ತು, ಓಡಿಸುವವನು ನಿದ್ದೆಯಲ್ಲಿದ್ದ, ಒಳಗಿದ್ದವರಿಗೆ ಗೊತ್ತಿರಲಿಲ್ಲ. ಮಾವ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ. ನನ್ನ ದವಡೆಯಲ್ಲಿ ಅಡಿಕೆ ಇತ್ತು.

ಇದರ ಕಥೆಯೂ ಇವಳಿಗೆ ಗೊತ್ತಾ ಎಂದು ಅತ್ತೆ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅಡಿಕೆಯ ಒಗರು ಗಂಟಲಿಗೆ ಇಳಿಯುತ್ತಿತ್ತು.

ಪುಟ್ಟಿ ಮೂಗು ಒರೆಸಿಕೊಳ್ಳುತ್ತ ನನಗೆ ಒರಗಿದಳು. ಸೋಮವಾರದಿಂದ ಅವಳ ಚಾಕ್ಲೇಟು ಬಂದ್ ಆಗುತ್ತದೆಂದು ಅವಳಿಗೆ ಬೇಜಾರು. ಹೊಳೆಹೊನ್ನೂರು ರಸ್ತೆಯಿಂದ ಹೊಸ ಮಕ್ಕಳು ಸೇರುತ್ತಾರಂತೆ. “ನಾನು ಹಿಂದೆ ಕೂರ್ಬೇಕಂತೆ ಅಕ್ಕ. ಎಲ್‌ಕೆಜಿ ಪಾಪು ಹಿಂದೆ ಕೂತ್ರೆ ವಾಂತಿ ಮಾಡತ್ತಂತೆ, ಅದಕ್ಕೆ ಮುಂದಿನ ಸೀಟು. ಅದಕ್ಕೆ ಹಂಪ್ ಅಂದ್ರೇ ಗೊತ್ತಿಲ್ಲ.”

ಅತ್ತೆ ಖುಷಿಯಲ್ಲಿದ್ದರು. ಮಕ್ಕಳು ಜಾಸ್ತಿಯಾದರೆ ಮನೆಗೂ ಅನುಕೂಲವೆಂದರು. ಚಳಿಗಾಲದ ಮಂಜಿನಲ್ಲಿ ಆ ರಸ್ತೆಗೆ ಇನ್ನಷ್ಟು ಬೇಗ ಹೊರಡಬೇಕು, ಅದೊಂದೇ ಕಷ್ಟ ಎಂದರು. ನಾನು ಮಾವನ ಕಡೆ ನೋಡಿದೆ. ಅವನು ನೇರ ಟಿವಿಯನ್ನೇ ನೋಡುತ್ತಿದ್ದ. ನಾನು ನೋಡುತ್ತಿರುವುದು ಅವನಿಗೆ ಕಾಣುವಂತಿರಲಿಲ್ಲ. ನಾನು ಎಷ್ಟು ಹೊತ್ತು ಬೇಕಾದರೂ ಹಾಗೇ ನೋಡುತ್ತ ಕೂರಬಹುದಿತ್ತು.

ಅಡಿಕೆಯನ್ನು ಕೈಗೆ ಉಗಿದೆ.

“ಅತ್ತೆ, ಮಾವನಿಗೆ ಪಕ್ಕದ್ದು ಏನೂ ಕಾಣಲ್ಲ. ವ್ಯಾನ್ ಓಡಿಸ್ಬಾರದು ಅಂತ ಡಾಕ್ಟರು ಹೇಳಿದಾರೆ.”

ಅತ್ತೆ ನಕ್ಕರು. ತಪ್ಪು ಅವರದಲ್ಲ. ಖಾಲಿ ಕ್ವಾರ್ಟರ್ಸಿನ ದೆವ್ವಗಳು ಶಿವಮೊಗ್ಗಕ್ಕೆ ಹೋದ ಕಥೆ ಹೇಳಿದವಳು ನಾನು. ಒಂದು ಹಲ್ಲಿಯನ್ನು ಉಡ ಮಾಡಿ, ಉಡವನ್ನು ಮೊಸಳೆ ಮಾಡಿ ಇದೇ ಚಾಪೆಯ ಮೇಲೆ ಮಾರಿದವಳು ನಾನು. ಇದು ಯಾವ ಸಿನಿಮಾದ್ದು ಎಂದು ಅತ್ತೆ ಕೇಳಿದರು. ಸೇತುವೆಯದನ್ನು ಹೇಳಿದೆ. ಮುದುಕ ಹೊಳೆಗೆ ಬೀಳುತ್ತಿದ್ದ ಎಂದೆ. ನಿಜವನ್ನೇ ಹೇಳುತ್ತಿದ್ದೆ, ಆದರೆ ನನ್ನ ಬಾಯಿಂದ ಬಂದ ಕೂಡಲೇ ಅದೂ ಎಳೆದ ಹಾಗೇ ಕೇಳಿಸಿತು. ಇವಳು ಬೆಳೆದಂತೆ ಸುಳ್ಳೂ ಬೆಳೆಯಿತು ಎಂದು ಅತ್ತೆ ಮಾವನ ಕಡೆ ತಿರುಗಿದರು. ಅವನಾದರೂ ಅಲ್ಲ ಎನ್ನಲಿಲ್ಲ, ಹೌದೆನ್ನಲಿಲ್ಲ.

ಪುಟ್ಟಿ ಎದ್ದಳು. ಅವಳಿಗೆ ಇದು ಅವಳ ಆಟವೆಂದೇ ಅನಿಸಿತ್ತು. ಓಡಿಹೋಗಿ ಅಪ್ಪನ ಕುರ್ಚಿಯ ಎಡಗಡೆ, ಅವನ ಭುಜಕ್ಕೆ ತಾಗಿಯೂ ತಾಗದಷ್ಟು ಹತ್ತಿರ ನಿಂತಳು.

“ಅಪ್ಪಾ, ಈ ಕಡೆ ತಿರುಗ್ಬಾರ್ದು. ಎಷ್ಟು ಬೆರಳು ಹೇಳು.”

ಅವಳ ಎರಡೂ ಕೈ ಬೆನ್ನ ಹಿಂದಿದ್ದವು. ಮೋಸ ಮಾಡಿ ಗೆಲ್ಲುವ ಉಪಾಯ ಅದು. ನಾನೇ ಕಲಿಸಿದ್ದು. ಟಿವಿಯಲ್ಲಿ ನೌಕೆ ಸದ್ದಿಲ್ಲದೆ ತೇಲುತ್ತಿತ್ತು, ಅದರ ನೀಲಿ ಬೆಳಕು ಮಾವನ ಮುಖದ ಮೇಲಿತ್ತು. ಅವನು ತುಂಬಾ ಹೊತ್ತು ಯೋಚಿಸಿದ.

“ಎರಡು” ಎಂದ.

ಪುಟ್ಟಿ ಚಪ್ಪಾಳೆ ತಟ್ಟಿ ಕುಣಿದಳು. ಅವಳೊಬ್ಬಳೇ. ಅತ್ತೆ ಅವಳ ಕೈಗಳನ್ನು ನೋಡಿದರು, ಗಂಡನ ಕಣ್ಣುಗಳನ್ನು ನೋಡಿದರು. ಆಮೇಲೆ ಎದ್ದು ಹೋಗಿ ಮೊಳೆಗೆ ನೇತುಹಾಕಿದ್ದ ವ್ಯಾನಿನ ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. “ರೀ, ಊಟಕ್ಕೆ ಏಳಿ” ಎಂದಷ್ಟೇ ಹೇಳಿದರು. ಮಾವ ಏಳಲಿಲ್ಲ. ಸಿನಿಮಾ ಮುಗಿಯುವವರೆಗೂ, ಹೆಸರುಗಳೆಲ್ಲ ಮೇಲಕ್ಕೆ ಹೋಗಿ ಪರದೆ ಕಪ್ಪಾಗುವವರೆಗೂ ನೋಡಿದ.

ಭಾನುವಾರ ಅತ್ತೆ ಮಕ್ಕಳ ಮನೆಗಳಿಗೆಲ್ಲ ಫೋನು ಮಾಡಿ ಬೇರೆ ವ್ಯಾನು ನೋಡಿಕೊಳ್ಳಲು ಹೇಳಿದರು. ಮರುವಾರ ಅವರು ಮಾವನನ್ನು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆತಂದಾಗ ನಾನೂ ಹೋಗಿದ್ದೆ. ಕ್ಯಾಂಪಿನ ಡಾಕ್ಟರು ಹೇಳಿದ್ದನ್ನೇ ಅಲ್ಲಿಯೂ ಹೇಳಿದರು. ಹಿಂತಿರುಗುವಾಗ ಮಾವ ನನ್ನ ಹತ್ತಿರ ಮಾತಾಡಲಿಲ್ಲ. ಬಸ್ಸು ಹತ್ತುವಾಗ ಮೆಟ್ಟಿಲು ಹುಡುಕಿ ಒಂದು ಕ್ಷಣ ಕಾಲು ಗಾಳಿಯಲ್ಲಿ ನಿಲ್ಲಿಸಿದ. ಅದನ್ನು ನಾನು ಯಾರಿಗೂ ನಟಿಸಿ ತೋರಿಸಿಲ್ಲ.

ಆ ಶುಕ್ರವಾರ ನಾನು ಗುಂಪಿಗೆ ಏನೂ ಕಳಿಸಲಿಲ್ಲ. ಸ್ಟೇಷನರಿ ಅಂಗಡಿಯವರು ನಾನು ಸತ್ತೇಹೋದೆ ಎಂದುಕೊಂಡು ಅಪ್ಪನ ಹತ್ತಿರ ವಿಚಾರಿಸಿದರು. ಸತ್ತೆ ಎಂದಲ್ಲ, ಹುಷಾರಿಲ್ಲವಾ ಎಂದು. ನೋಡಿ, ಅಭ್ಯಾಸ ಹೋಗುವುದಿಲ್ಲ.

ಈಗ ಮತ್ತೆ ಶನಿವಾರ ಭದ್ರಾವತಿಗೆ ಹೋಗುತ್ತೇನೆ, ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ. ಅತ್ತೆ ಮನೆಯಲ್ಲೇ ಊಟದ ಡಬ್ಬಿ ಮಾಡಿ ಕೊಡತೊಡಗಿದ್ದಾರೆ. ಮಾವ ತರಕಾರಿ ಹೆಚ್ಚುತ್ತಾನೆ. ವ್ಯಾನು ಖಾಲಿ ಮನೆಯೊಂದರ ಮುಂದೆ ನಿಂತಿದೆ. ಅದರ ಮೇಲೆ ಯಾರೋ ಬೆರಳಲ್ಲಿ ಧೂಳಿನಲ್ಲಿ ಹೆಸರು ಬರೆದಿದ್ದಾರೆ. ಅಡಿಕೆಯ ಡಬ್ಬಿ ಶೆಲ್ಫಿನ ಮೇಲೇ ಇದೆ, ಯಾರೂ ಮುಟ್ಟುವುದಿಲ್ಲ.

ಕಳೆದ ವಾರ ನೆರಳಿನ ಸಿನಿಮಾ ಇನ್ನೊಮ್ಮೆ ಹಾಕು ಎಂದು ಮಾವನೇ ಕೇಳಿದ. ಅವತ್ತಿನ ನಂತರ ಅವನು ನನ್ನನ್ನು ಕೇಳಿದ ಮೊದಲ ವಿಷಯ ಅದು. ನಾನು ಅವನ ಎಡಗಡೆ ಕೂತೆ, ಪುಟ್ಟಿ ಬಲಗಡೆ. ಪರದೆಯ ತುದಿಯಲ್ಲಿ ಏನಾಗುತ್ತದೋ ಅದನ್ನು ಮೆಲ್ಲಗೆ ಹೇಳುವ ಕೆಲಸ ನಮ್ಮಿಬ್ಬರದು. ಒಗ್ಗರಣೆಯ ದೃಶ್ಯ ಬಂತು. ನೆರಳು ನೆಲಕ್ಕೆ ಮಲಗಿತು ಎಂದು ಹೇಳಿದೆ. ಸೇರಿಸಲಿಲ್ಲ, ಎಳೆಯಲಿಲ್ಲ. ಅದಾದ ಮೇಲೆ ಹೀರೋ ಕಿಟಕಿ ಮುಚ್ಚಿ ಒಬ್ಬನೇ ಊಟಕ್ಕೆ ಕೂರುತ್ತಾನೆ.

“ಎಡಗಡೆ ಯಾರಿದಾರೆ?” ಮಾವ ಕೇಳಿದ.

“ಯಾರೂ ಇಲ್ಲ ಮಾವ.”

ಅವನು ಇಡೀ ಕತ್ತು ತಿರುಗಿಸಿ ಪರದೆಯ ಎಡತುದಿಯನ್ನು ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಇನ್ನಷ್ಟು ತಿರುಗಿ, ನನ್ನ ಮುಖ ಆ ಪೈಪಿನೊಳಗೆ ಬರುವವರೆಗೂ ತಿರುಗಿ, ನನ್ನನ್ನು ನೋಡಿದ.